ಆಟದ ಪೀರಿಯಡ್‌ನಲ್ಲಿ ಮಕ್ಕಳಿಗೆ ಹುರುಪು ಬರುವುದು ಯಾವುದರಿಂದ? ಪೋಷಕರು, ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಒಂದರಿಂದ ಏಳನೇ ತರಗತಿವರೆಗಿನ ಮಕ್ಕಳ ಜೊತೆ ದಿನಾ ಮೈದಾನದಲ್ಲಿ ಇರುತ್ತೇನೆ. ಪೋಷಕರ ಸಭೆಯಲ್ಲಿ, ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ, ಬೇರೆ ಶಾಲೆಯ ಶಿಕ್ಷಕರ ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ.

ಆಟ ಅಂದರೆ ಮಕ್ಕಳಿಗೆ ತಾನಾಗಿಯೇ ಇಷ್ಟ ಅಲ್ವಾ? ಪ್ರೇರಣೆ ಅಂತ ಬೇರೆ ಯಾಕೆ ಬೇಕು?

ಇಷ್ಟ ಇರುತ್ತದೆ, ನಿಜ. ಒಂದನೇ ತರಗತಿಯ ಬಾಗಿಲಲ್ಲಿ ನಿಂತು "ಆಟಕ್ಕೆ ಬನ್ನಿ" ಅಂದರೆ ಸಾಕು, ಚಪ್ಪಲಿ ಹಾಕಿಕೊಳ್ಳುವಷ್ಟೂ ತಾಳ್ಮೆ ಇರುವುದಿಲ್ಲ. ಬರಿಗಾಲಲ್ಲೇ ಓಡಿ ಬರುತ್ತಾರೆ. ಅದೇ ಮಕ್ಕಳಲ್ಲಿ ಕೆಲವರು ಆರನೇ ತರಗತಿಗೆ ಬರುವಷ್ಟರಲ್ಲಿ ಕೂರುವುದಕ್ಕೆ ಕಟ್ಟೆ ಹುಡುಕುತ್ತಾರೆ. ಎಲ್ಲರ ನೀರಿನ ಬಾಟಲಿ ಕಾಯುವ ಕೆಲಸವನ್ನು ಕೇಳಿ ಪಡೆಯುತ್ತಾರೆ.

ನಡುವಿನ ಐದು ವರ್ಷದಲ್ಲಿ ಏನಾಯಿತು? ಬಹುಪಾಲು ನಮ್ಮ ಮೈದಾನದಲ್ಲೇ ಆಯಿತು ಅನ್ನುವುದು ನನ್ನ ಅನುಭವ. ಸಾಲಿನಲ್ಲಿ ನಿಂತು ಕಾದದ್ದು, ಮೊದಲು ಔಟ್ ಆದದ್ದು, ಟೀಮ್ ಆರಿಸುವಾಗ ಕೊನೆಗೆ ಉಳಿದದ್ದು, ಎಲ್ಲರೆದುರು ಬೈಸಿಕೊಂಡದ್ದು. ಒಂದೊಂದೂ ಸಣ್ಣದೇ. ಸೇರಿ ಸೇರಿ ಮಗುವಿನ ಆಸೆ ಬತ್ತಿ ಹೋಗುತ್ತದೆ. ಅದಕ್ಕೇ ಮಕ್ಕಳಲ್ಲಿ ಆಸೆ ಹುಟ್ಟಿಸುವುದು ಹೇಗೆ ಅಂತ ಯಾರಾದರೂ ಕೇಳಿದಾಗ, ಇದ್ದ ಆಸೆ ಎಲ್ಲಿ ಕೆಡುತ್ತಿದೆ ಅಂತ ಮೊದಲು ನೋಡೋಣ ಅನ್ನುತ್ತೇನೆ.

ಹಾಗಾದರೆ ಮಕ್ಕಳಿಗೆ ಆಟದಲ್ಲಿ ನಿಜವಾಗಿ ಬೇಕಾಗಿರುವುದು ಏನು?

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. 1985ರಲ್ಲಿ ಅದನ್ನು ಪುಸ್ತಕವಾಗಿಯೂ ತಂದರು. ದೈಹಿಕ ಶಿಕ್ಷಣದ ಪ್ರೇರಣೆಯ ಬಗ್ಗೆ ಇವತ್ತು ನಡೆಯುವ ಎಷ್ಟೋ ಅಧ್ಯಯನಗಳು ಇವರ ಮಾತಿನಿಂದಲೇ ಶುರುವಾಗುತ್ತವೆ. ಮನುಷ್ಯನಿಗೆ ಮೂರು ಬೇಕು ಅನ್ನುತ್ತಾರೆ ಅವರು. ಮಕ್ಕಳ ಮಾತಿನಲ್ಲಿ ಹೇಳುವುದಾದರೆ: ನನ್ನ ಮಾತೂ ಸ್ವಲ್ಪ ನಡೀಬೇಕು. ನಂಗೂ ಬರತ್ತೆ ಅನ್ನಿಸಬೇಕು. ನಾನೂ ಇವರ ಜೊತೆಯವನು ಅನ್ನಿಸಬೇಕು.

ಮೊದಲನೆಯದಕ್ಕೆ ಖರ್ಚೇ ಇಲ್ಲ. "ಇವತ್ತು ಲಗೋರಿನಾ, ಖೋಖೋನಾ?" ಅಂತ ಕೇಳುತ್ತೇನೆ. ಗುರಿಗೆ ಚೆಂಡು ಎಸೆಯುವ ಆಟವಾದರೆ ಸುಣ್ಣದ ಪುಡಿಯಲ್ಲಿ ಹತ್ತಿರ, ನಡು, ದೂರ ಅಂತ ಮೂರು ಗೆರೆ ಎಳೆಯುತ್ತೇನೆ. ಎಲ್ಲಿ ನಿಲ್ಲಬೇಕು ಅನ್ನುವುದು ಮಗುವಿನ ಇಷ್ಟ. ಮೊದಲ ದಿನ ಎಲ್ಲರೂ ಜಂಬಕ್ಕೆ ದೂರದ ಗೆರೆಗೇ ಹೋಗುತ್ತಾರೆ. ಒಂದು ವಾರ ಬಿಟ್ಟು ನೋಡಿ, ಯಾರು ಎಲ್ಲಿ ನಿಂತರೆ ಸರಿ ಅನ್ನುವುದು ಅವರಿಗೇ ಗೊತ್ತಾಗಿರುತ್ತದೆ. ತಿಂಗಳ ನಂತರ ಒಂದು ಮಗು ಹತ್ತಿರದ ಗೆರೆ ಬಿಟ್ಟು ನಡುವಿನ ಗೆರೆಗೆ ಹೋಗುತ್ತದಲ್ಲ, ಆಗ ಅದರ ಮುಖ ನೋಡಬೇಕು!

ಎರಡನೆಯದರ ಬಗ್ಗೆ ಮುಂದಿನ ಪ್ರಶ್ನೆಯಲ್ಲೇ ಹೇಳುತ್ತೇನೆ. ಅದು ದೊಡ್ಡ ವಿಷಯ. ಮೂರನೆಯದು ಟೀಮ್ ಮಾಡುವ ಪ್ರಶ್ನೆಯಲ್ಲಿ ಬರುತ್ತದೆ.

ನನ್ನ ಮಗಳು ಪಿ.ಟಿ. ಇದ್ದ ದಿನವೇ "ಹೊಟ್ಟೆ ನೋವು" ಅನ್ನುತ್ತಾಳೆ. ಸೋಮಾರಿತನವಾ?

ದಯವಿಟ್ಟು ಆ ಪದ ಬಳಸಬೇಡಿ. ಮೊದಲು ಸುಮ್ಮನೆ ವಿಚಾರಿಸಿ. ಬೆಳಗ್ಗೆ ತಿಂಡಿ ತಿಂದಿರಲಿಕ್ಕಿಲ್ಲ. ಶೂ ಕಚ್ಚುತ್ತಿರಬಹುದು. ನಿಜವಾಗಿಯೂ ಹೊಟ್ಟೆ ನೋವೇ ಇರಬಹುದು. ಇದ್ಯಾವುದೂ ಅಲ್ಲ ಅಂತಾದರೆ ಹತ್ತಿರದಿಂದ ನೋಡಬೇಕು. ತನಗೆ ಬರದೇ ಇರುವುದನ್ನು ಎಲ್ಲರೆದುರು ಮಾಡಬೇಕಲ್ಲ ಅನ್ನುವ ಭಯ ಎಷ್ಟೋ ಸಲ ಹೊಟ್ಟೆ ನೋವಾಗಿ ಹೊರಗೆ ಬರುತ್ತದೆ.

ನಾಲ್ಕನೇ ತರಗತಿಯಲ್ಲಿ ಒಬ್ಬಳು ಇದ್ದಳು. ಥ್ರೋಬಾಲ್ ಅಂದರೆ ಸಾಕು, "ಮಿಸ್, ನಾನು ಕೂತ್ಕೋತೀನಿ ಮಿಸ್" ಅನ್ನುತ್ತಿದ್ದಳು. ಒಂದು ದಿನ ಅವಳನ್ನೇ ನೋಡುತ್ತಾ ನಿಂತೆ. ಚೆಂಡು ಹತ್ತಿರ ಬಂದ ಕೂಡಲೇ ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಎರಡೂ ಕೈ ಮುಂದೆ ಚಾಚಿಯೇ ಇರುತ್ತಿತ್ತು. ಚೆಂಡು ಅಂಗೈಗೆ ಬಡಿದು ಎದೆಗೆ ತಾಗಿ ಕೆಳಗೆ ಬೀಳುತ್ತಿತ್ತು. ಪಕ್ಕದವರು "ಅಯ್ಯೋ" ಅನ್ನುತ್ತಿದ್ದರು. ಅವಳಿಗೆ ಆಟ ಬೇಡ ಅಂತ ಇರಲಿಲ್ಲ. ಚೆಂಡು ಹಿಡಿಯುವುದನ್ನು ಯಾರೂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಅದು ತಾನಾಗಿ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಅವತ್ತಿನಿಂದ ತೆಳುವಾದ ದುಪಟ್ಟಾ ತುಂಡಿನಿಂದ ಶುರು ಮಾಡಿದೆವು. ಮೇಲಕ್ಕೆ ಎಸೆದರೆ ನಿಧಾನವಾಗಿ ಇಳಿಯುತ್ತದೆ, ಹಿಡಿಯುವುದಕ್ಕೆ ಸಮಯ ಸಿಗುತ್ತದೆ, ಮುಖಕ್ಕೆ ಬಿದ್ದರೂ ನೋವಿಲ್ಲ. ಆಮೇಲೆ ಬಲೂನು. ಆಮೇಲೆ ಹುಣಸೆ ಬೀಜ ತುಂಬಿ ಹೊಲಿದ ಬಟ್ಟೆ ಗಂಟು. ಇದು ಪುಟಿಯುವುದಿಲ್ಲ, ಅಂಗೈಯಲ್ಲಿ ಕೂತುಬಿಡುತ್ತದೆ. ಆಮೇಲೆ ಬಟ್ಟೆ ಚೆಂಡು. ಕೊನೆಗೆ ಥ್ರೋಬಾಲ್. "ಚೆಂಡು ಬರುವಾಗ ಮೊಣಕೈ ಸ್ವಲ್ಪ ಮಡಚು, ಮಗುನ ಎತ್ಕೊಳ್ಳೋ ಥರ ಒಳಗೆ ತಗೋ" ಅಂದೆ. ಆರು ವಾರ ಹಿಡಿಯಿತು. ಹೊಟ್ಟೆ ನೋವಿನ ಸುದ್ದಿ ಮತ್ತೆ ಬರಲಿಲ್ಲ.

ಓಡು, ಜಿಗಿ, ಕುಂಟು, ಎಸೆ, ಹಿಡಿ, ಒದಿ, ಒಂಟಿ ಕಾಲಲ್ಲಿ ನಿಲ್ಲು. ಇವು ಆಟದ ಅಕ್ಷರಮಾಲೆ. ಅಮೆರಿಕದ ಸಂಶೋಧಕ ಡೇವಿಡ್ ಸ್ಟಾಡನ್ ಮತ್ತು ಅವರ ಸಂಗಡಿಗರು 2008ರಲ್ಲಿ ಒಂದು ಲೇಖನದಲ್ಲಿ ಹೀಗೆ ವಿವರಿಸಿದ್ದರು: ಈ ಕೌಶಲಗಳು ಬರುವ ಮಗು ಹೆಚ್ಚು ಆಡುತ್ತದೆ, ಆಡಿದಷ್ಟೂ ಇನ್ನೂ ಚೆನ್ನಾಗಿ ಬರುತ್ತದೆ. ಬರದ ಮಗು ದೂರ ಸರಿಯುತ್ತದೆ, ಸರಿದಷ್ಟೂ ಹಿಂದೆ ಬೀಳುತ್ತದೆ. ಮಗು ಬೆಳೆದಂತೆ ಈ ಅಂತರವೂ ಬೆಳೆಯುತ್ತದೆ. ಒಂದರಿಂದ ಮೂರನೇ ತರಗತಿಯಲ್ಲೇ ಇದನ್ನು ಅಕ್ಷರ ಕಲಿಸಿದಂತೆ ಒಂದೊಂದಾಗಿ ಕಲಿಸಬೇಕು.

ಯಾವ ಆಟ ಆಡಿಸಿದರೆ ಎಲ್ಲರಿಗೂ ಹುರುಪು ಬರುತ್ತದೆ?

ಆಟದ ಹೆಸರಿಗಿಂತ ಅದರ ನಿಯಮ ನೋಡಿ. ಒಂದು ಸಲ ನಾನೇ ಒಂದು ಪರೀಕ್ಷೆ ಮಾಡಿದೆ. 40 ನಿಮಿಷದ ಪೀರಿಯಡ್, ಒಂದೇ ಚೆಂಡು, ಎರಡು ಉದ್ದದ ಸಾಲು. ಸಾಲಿನ ನಡುವೆ ಇದ್ದ ಒಬ್ಬ ಹುಡುಗನನ್ನು ಮಾತ್ರ ಗಮನಿಸಿದೆ. ಪೀರಿಯಡ್ ಮುಗಿಯುವಷ್ಟರಲ್ಲಿ ಅವನ ಕೈಗೆ ಚೆಂಡು ಸಿಕ್ಕಿದ್ದು ಎರಡೇ ಎರಡು ಸಲ. ಉಳಿದ ಹೊತ್ತು ಮುಂದಿನವನ ಕಾಲರ್ ಎಳೆಯುವುದು, ಮಣ್ಣು ಕೆದರುವುದು. ನಾನೋ, "ಗಲಾಟೆ ಮಾಡಬೇಡ" ಅಂತ ಅವನಿಗೇ ಎರಡು ಸಲ ಗದರಿದ್ದೆ. ತಪ್ಪು ಸಾಲಿನದು, ಹುಡುಗನದಲ್ಲ. ಈಗ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡುತ್ತೇನೆ, ಒಂದೊಂದು ಗುಂಪಿಗೂ ಒಂದು ಬಟ್ಟೆ ಚೆಂಡು.

ಇನ್ನೊಂದು, ಔಟ್ ಮಾಡಿ ಹೊರಗೆ ಕೂರಿಸುವ ಆಟಗಳು. ಕೆರೆ-ದಡ ಆಟವನ್ನೇ ತಗೊಳ್ಳಿ. "ಕೆರೆ" ಅಂದಾಗ ಒಳಗೆ, "ದಡ" ಅಂದಾಗ ಹೊರಗೆ ಜಿಗಿಯಬೇಕು. ತಪ್ಪಿದವರು ಔಟ್. ಮೊದಲು ಔಟ್ ಆಗುವುದು ಯಾರು? ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರೇ. ಚುರುಕಾದವರು ಹತ್ತು ನಿಮಿಷ ಜಿಗಿಯುತ್ತಾರೆ, ಔಟ್ ಆದವರು ಬಿಸಿಲಲ್ಲಿ ಕೂತು ನೋಡುತ್ತಾರೆ. ನಾನು ನಿಯಮ ಸ್ವಲ್ಪ ಬದಲಿಸಿದ್ದೇನೆ. ತಪ್ಪಿದವರು ಬೇವಿನ ಮರ ಮುಟ್ಟಿ ಬಂದು ಮತ್ತೆ ಸೇರಿಕೊಳ್ಳಬಹುದು. ಮಕ್ಕಳಿಗೆ ಇದರಿಂದ ಮಜಾ ಕಡಿಮೆ ಆಗಲಿಲ್ಲ. ಕೆಲವರು ಮರ ಮುಟ್ಟುವ ಆಸೆಗೇ ಬೇಕು ಬೇಕಂತ ತಪ್ಪುತ್ತಾರೆ, ಅದೂ ಓಟವೇ ತಾನೇ.

ನಮ್ಮ ಹಳೆಯ ಆಟಗಳಲ್ಲಿ ಈ ಬುದ್ಧಿ ಮೊದಲೇ ಇದೆ. ಕಬಡ್ಡಿಯಲ್ಲಿ ಔಟ್ ಆದವನಿಗೆ ತನ್ನ ತಂಡ ಎದುರಿನವರನ್ನು ಔಟ್ ಮಾಡಿದಾಗ ಮತ್ತೆ ಜೀವ ಬರುತ್ತದೆ. ಹೊರಗೆ ಕೂತವನೂ ಆಟದೊಳಗೇ ಇರುತ್ತಾನೆ, "ಹಿಡಿ, ಹಿಡಿ" ಅಂತ ಕೂಗುತ್ತಾ ಇರುತ್ತಾನೆ. ಲಗೋರಿಯಲ್ಲಿ ಗುರಿ ಇಟ್ಟು ಹೊಡೆಯುವವರು, ಓಡುವವರು, ನಡುಗದ ಕೈಯಲ್ಲಿ ಏಳು ಕಲ್ಲು ಜೋಡಿಸುವವರು, ಎಲ್ಲರೂ ಬೇಕು. ಜೋರಾಗಿ ಓಡಲಾಗದ ಮಗು ಕಲ್ಲು ಜೋಡಿಸುವುದರಲ್ಲಿ ಗಟ್ಟಿ ಇರುತ್ತದೆ. ಖೋಖೋದಲ್ಲಿ ಎಂಟು ಜನ ಕೂತಿರುತ್ತಾರೆ, ಆದರೆ ಯಾವ ಕ್ಷಣದಲ್ಲಿ ಬೆನ್ನ ಮೇಲೆ "ಖೋ" ಬೀಳುತ್ತದೋ ಅಂತ ಮೈಯೆಲ್ಲಾ ಎಚ್ಚರ.

ಖೋಖೋ ಬಗ್ಗೆ ಇನ್ನೊಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ಈ ಸುದ್ದಿಯನ್ನು ಪ್ರಾರ್ಥನೆ ಹೊತ್ತಿಗೆ ಓದಿದ ದಿನ ನಮ್ಮ ಐದನೇ ತರಗತಿ ಕಂಬ ನೆಡುವುದಕ್ಕೆ ತಾನೇ ಮುಂದೆ ಬಂತು. ನಾವು ದಿನಾ ಆಡುವ ಆಟವನ್ನೇ ಆಡಿ ನಮ್ಮ ಕಡೆಯವರು ಗೆದ್ದರು ಅನ್ನುವುದು ಮಕ್ಕಳ ಮನಸ್ಸಿಗೆ ಚೆನ್ನಾಗಿ ತಾಗುತ್ತದೆ.

ಟೀಮ್ ಹೇಗೆ ಮಾಡಬೇಕು?

ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ಬಿಟ್ಟುಬಿಡಿ. ಕೊನೆಗೆ ಉಳಿಯುವ ಮಗು ಯಾವುದು ಅಂತ ಇಡೀ ತರಗತಿಗೆ ಮೊದಲೇ ಗೊತ್ತಿರುತ್ತದೆ, ಆ ಮಗುವಿಗೂ ಗೊತ್ತಿರುತ್ತದೆ. ಹುಟ್ಟಿದ ತಿಂಗಳು, ಹಾಜರಿ ನಂಬರ್ ಸರಿ-ಬೆಸ, ಊರಿನ ಯಾವ ಬೀದಿ, ಹೇಗಾದರೂ ಮಾಡಿ. ಹತ್ತು ಸೆಕೆಂಡಿನ ಕೆಲಸ.

ಬಹುಮಾನ, ಚಾಕೊಲೇಟ್, ಸ್ಟಾರ್ ಕೊಟ್ಟರೆ ಹುರುಪು ಹೆಚ್ಚಾಗುವುದಿಲ್ಲವಾ?

ಅವತ್ತಿಗೆ ಹೆಚ್ಚಾಗುತ್ತದೆ. ಮುಂದಿನ ವಾರ "ಮಿಸ್, ಇವತ್ತು ಏನು ಕೊಡ್ತೀರಾ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂತು ಅಂದರೆ ಆಟ ಕೂಲಿ ಕೆಲಸ ಆಯಿತು ಅಂತಲೇ ಲೆಕ್ಕ.

1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ ಇದಕ್ಕೆ ಪ್ರಸಿದ್ಧ. ಅಮೆರಿಕದ ಒಂದು ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿದರು. ಕೆಲವರಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ನೋಡಿದರು. ಪ್ರಶಸ್ತಿಪತ್ರದ ಮಾತನ್ನು ಮೊದಲೇ ಕೇಳಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪ್ರಶಸ್ತಿ ಸಿಕ್ಕವರ ಆಸಕ್ತಿ ಕುಗ್ಗಿರಲಿಲ್ಲ.

ಹಾಗಂತ ಬಹುಮಾನವೇ ಬೇಡ ಅಂತಲ್ಲ. ವಾರ್ಷಿಕ ಕ್ರೀಡಾಕೂಟದಲ್ಲಿ ಒಂದು ಸ್ಟೀಲ್ ಲೋಟ, ಒಂದು ಪೆನ್ನು ಸಿಕ್ಕರೆ ಮನೆಮಂದಿಗೆಲ್ಲಾ ಸಂತೋಷ. ದಿನದ ಆಟಕ್ಕೆ ಬೆಲೆ ಕಟ್ಟುವುದು ಬೇಡ ಅಷ್ಟೇ. ಅದರ ಬದಲು ಕಂಡದ್ದನ್ನು ಕಂಡ ಹಾಗೆ ಹೇಳಿ. "ವೆರಿ ಗುಡ್" ಅನ್ನುವುದಕ್ಕಿಂತ "ಇವತ್ತು ಜಿಗಿಯುವಾಗ ಎರಡೂ ಕೈ ಮೇಲೆ ಬೀಸಿದೆ, ನೋಡು ಎಷ್ಟು ದೂರ ಬಿದ್ದೆ" ಅನ್ನುವುದು ಮಗುವಿಗೆ ಉಪಯೋಗಕ್ಕೆ ಬರುತ್ತದೆ. ಯಾರೋ ತನ್ನನ್ನು ನಿಜವಾಗಿ ನೋಡಿದರು ಅಂತ ಅದಕ್ಕೆ ಗೊತ್ತಾಗುತ್ತದೆ.

ಸ್ಪರ್ಧೆ ಇಲ್ಲದೆ ಕ್ರೀಡಾಪಟುಗಳು ಹುಟ್ಟುವುದು ಹೇಗೆ? ಕ್ಲಸ್ಟರ್, ತಾಲ್ಲೂಕು ಮಟ್ಟಕ್ಕೆ ಕಳಿಸಬೇಡವಾ?

ಕಳಿಸಬೇಕು. ನಾನೂ ಕಳಿಸುತ್ತೇನೆ. ಗೆದ್ದು ಬಂದಾಗ ಊರೇ ಕುಣಿಯುತ್ತದೆ. ಆದರೆ ಕ್ಲಸ್ಟರ್ ಕ್ರೀಡಾಕೂಟ ಹತ್ತಿರ ಬಂದಾಗ ನಮ್ಮಲ್ಲಿ ಏನಾಗುತ್ತದೆ ಅಂತ ಎಲ್ಲ ಪಿ.ಟಿ. ಶಿಕ್ಷಕರಿಗೂ ಗೊತ್ತು. ಹತ್ತು ಹನ್ನೆರಡು ಮಕ್ಕಳಿಗೆ ತರಬೇತಿ, ಉಳಿದವರಿಗೆ "ಅಲ್ಲೇ ಆಡ್ಕೊಳ್ಳಿ". ಎರಡು ತಿಂಗಳು ಹಾಗೇ ಕಳೆಯುತ್ತದೆ. ಆ ತರಬೇತಿಯನ್ನು ಶಾಲೆ ಬಿಟ್ಟ ಮೇಲಿನ ಅರ್ಧ ಗಂಟೆಗೆ ಹಾಕಿಕೊಳ್ಳಿ. ಪೀರಿಯಡ್ ಎಲ್ಲರದು.

ವಯಸ್ಸಿನ ಲೆಕ್ಕವೂ ಇದೆ. ಮಕ್ಕಳು ತಮ್ಮ ಸಾಮರ್ಥ್ಯವನ್ನು ಹೇಗೆ ಅಳೆದುಕೊಳ್ಳುತ್ತಾರೆ ಅನ್ನುವುದನ್ನು ಜಾನ್ ನಿಕೋಲ್ಸ್ ಎಂಬ ಮನಶ್ಶಾಸ್ತ್ರಜ್ಞ ತುಂಬ ಗಮನವಿಟ್ಟು ನೋಡಿದ್ದರು. ಚಿಕ್ಕ ಮಕ್ಕಳಿಗೆ ಕಷ್ಟಪಟ್ಟವನೇ ಜಾಣ. ಶ್ರಮ ಬೇರೆ, ಸಾಮರ್ಥ್ಯ ಬೇರೆ ಅಂತ ಅವರು ಬಿಡಿಸಿ ನೋಡುವುದಿಲ್ಲ. 11–12 ವರ್ಷದ ಹೊತ್ತಿಗೆ ಅದು ಪೂರ್ತಿ ಬೇರೆಯಾಗುತ್ತದೆ. ಆಗ "ಅವಳು ಅಷ್ಟು ಕಷ್ಟಪಡದೇ ಗೆದ್ದಳು, ನಾನು ಇಷ್ಟು ಕಷ್ಟಪಟ್ಟರೂ ಸೋತೆ, ಅಂದರೆ ನನಗೆ ಬರಲ್ಲ" ಅನ್ನುವ ಲೆಕ್ಕ ಹಾಕುತ್ತಾರೆ. ಆರು, ಏಳನೇ ತರಗತಿಯಲ್ಲಿ ಮಕ್ಕಳು ಕಟ್ಟೆ ಹುಡುಕುವುದಕ್ಕೆ ಇದೂ ಒಂದು ಕಾರಣ ಇರಬೇಕು. ಅಲ್ಲಿಗೆ ಬರುವ ಮೊದಲೇ ತನ್ನನ್ನು ತನ್ನ ಜೊತೆಗೇ ಹೋಲಿಸಿಕೊಳ್ಳುವ ಅಭ್ಯಾಸ ಆಗಿರಬೇಕು. ನನ್ನ ಮಕ್ಕಳ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಅವರದೇ ಲೆಕ್ಕ ಇರುತ್ತದೆ: ಜೂನ್‌ನಲ್ಲಿ ಎಷ್ಟು ದೂರ ಜಿಗಿದೆ, ಆಗಸ್ಟ್‌ನಲ್ಲಿ ಎಷ್ಟು, ಡಿಸೆಂಬರ್‌ನಲ್ಲಿ ಎಷ್ಟು. ಅಳತೆ ಗೇಣಿನಲ್ಲಿ.

ಐದನೇ ತರಗತಿ ದಾಟಿದ ಮೇಲೆ ಹೆಣ್ಣುಮಕ್ಕಳು ಯಾಕೆ ಹಿಂದೆ ಸರಿಯುತ್ತಾರೆ?

ಸರಿಯುತ್ತಾರೆ ಅನ್ನುವುದಕ್ಕಿಂತ ನಾವೇ ಸರಿಸುತ್ತೇವೆ. ಮೈದಾನದ ನಡುಭಾಗ ಹುಡುಗರ ಕ್ರಿಕೆಟ್ಟಿಗೆ, ಅಂಚು ಹುಡುಗಿಯರಿಗೆ. "ನೀವು ಅಲ್ಲಿ ಕುಂಟೆಬಿಲ್ಲೆ ಆಡ್ಕೊಳ್ಳಿ" ಅಂತ ಹೇಳಿಬಿಟ್ಟರೆ ಮುಗಿಯಿತು. ಕುಂಟೆಬಿಲ್ಲೆ ಒಳ್ಳೆಯ ಆಟವೇ, ಹುಡುಗರೂ ಆಡಲಿ. ಆದರೆ ಜಾಗ ಹಂಚುವಾಗ ನ್ಯಾಯ ಇರಲಿ.

ಬಟ್ಟೆಯ ವಿಷಯ ಸಣ್ಣದಲ್ಲ. ಸ್ಕರ್ಟ್ ಹಾಕಿಕೊಂಡು ಕಬಡ್ಡಿ ಆಡು ಅಂದರೆ ಹೇಗೆ ಆಡುತ್ತಾಳೆ? ಒಂದು ಕೈ ಸ್ಕರ್ಟಿನ ಮೇಲೇ ಇರುತ್ತದೆ. ಪಿ.ಟಿ. ದಿನ ಒಳಗೆ ಲೆಗಿಂಗ್ಸ್ ಅಥವಾ ಟ್ರ್ಯಾಕ್ ಪ್ಯಾಂಟ್ ಹಾಕಿ ಕಳಿಸಿ ಅಂತ ಅಮ್ಮಂದಿರಿಗೆ ಹೇಳಿದ ವರ್ಷ, ನಮ್ಮ ಶಾಲೆಯಲ್ಲಿ ಆಡುವ ಹುಡುಗಿಯರು ಕಣ್ಣಿಗೆ ಕಾಣುವಷ್ಟು ಹೆಚ್ಚಾದರು. ಆರು, ಏಳನೇ ತರಗತಿಯಲ್ಲಿ ಕೆಲವರು ಮುಟ್ಟಾಗಲು ಶುರುವಾಗಿರುತ್ತಾರೆ. ಅವರು ಕೂರುತ್ತೇನೆ ಅಂದರೆ ಎಲ್ಲರೆದುರು ಕಾರಣ ಕೇಳಬಾರದು. ಆಡುತ್ತೇನೆ ಅಂದರೆ ತಡೆಯಲೂಬಾರದು.

ತಪ್ಪು ಮಾಡಿದರೆ ಮೈದಾನ ಸುತ್ತು ಹೊಡೆಸುವುದು, ಬಸ್ಕಿ ಹೊಡೆಸುವುದು ತಪ್ಪಾ?

ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಕಾನೂನು ಬಿಡಿ, ಸೋಮವಾರ ಶಿಕ್ಷೆಯಾಗಿ ಓಡಿಸಿ ಬುಧವಾರ "ಓಡೋದು ಎಷ್ಟು ಚೆಂದ" ಅಂದರೆ ಯಾವ ಮಗು ನಂಬುತ್ತದೆ? ಹೋಂವರ್ಕ್ ಮಾಡಲಿಲ್ಲ ಅಂತ ಪಿ.ಟಿ.ಗೆ ಬಿಡದೆ ಒಳಗೆ ಕೂರಿಸುವುದೂ ಇದೇ ಜಾತಿಯ ತಪ್ಪು.

ಪರೀಕ್ಷೆ ಹತ್ತಿರ ಬಂದಾಗ ಪಿ.ಟಿ. ಪೀರಿಯಡ್ ಗಣಿತಕ್ಕೆ ಕೊಟ್ಟರೆ ಏನಾಯಿತು?

ಆಟ ಯಾವಾಗ ಬೇಕಾದರೂ ಬಿಟ್ಟುಕೊಡಬಹುದಾದ ವಸ್ತು ಅಂತ ಮಕ್ಕಳು ಕಲಿಯುತ್ತಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರಿನ ವೇಗ ಹೆಚ್ಚುವ ಹಾಗೆ ಮೈ ದಣಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದೈಹಿಕ ಶಿಕ್ಷಣ ಹತ್ತನೇ ತರಗತಿವರೆಗೆ ಕಡ್ಡಾಯ ವಿಷಯ ಆಗಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಗಣಿತದ ಮೇಷ್ಟ್ರಿಗೆ ನಾನು ಕೇಳುವುದು ಇಷ್ಟೇ: ನಿಮ್ಮ ಪೀರಿಯಡ್ ಯಾವತ್ತಾದರೂ ನನಗೆ ಕೊಡ್ತೀರಾ ಸಾರ್?

ನಮ್ಮಲ್ಲಿ ಪಿ.ಟಿ. ಶಿಕ್ಷಕರೇ ಇಲ್ಲ, ಮೈದಾನವೂ ಇಲ್ಲ. ಏನು ಮಾಡುವುದು?

ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳ ಸ್ಥಿತಿ ಇದೇ. ಶಿಕ್ಷಣ ಹಕ್ಕು ಕಾಯ್ದೆ ಆಟದ ಮೈದಾನ ಮತ್ತು ಆಟದ ಸಾಮಾನು ಇರಬೇಕು ಅನ್ನುತ್ತದೆ. ಆದರೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರ ಮಾತು ಬರುವುದು 6ರಿಂದ 8ನೇ ತರಗತಿಗೆ, ಅದೂ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಕೇಳುವುದನ್ನು ಕೇಳುತ್ತಲೇ ಇರಿ. ಅಲ್ಲಿಯವರೆಗೆ ನಲಿಕಲಿ ಕೋಣೆಯ ಮುಂದಿನ ಅಂಗಳ ಸಾಕು. ಹಳೇ ಸೈಕಲ್ ಟೈರು ಮೂರು, ಕಲ್ಲು ತುಂಬಿದ ಬಾಟಲಿ ಆರು, ಬಟ್ಟೆ ಚೆಂಡು ಹತ್ತು. ಬಟ್ಟೆ ಚೆಂಡನ್ನು ಮಕ್ಕಳೇ ಮಾಡಲಿ, ತಾವು ಮಾಡಿದ ಚೆಂಡನ್ನು ಅವರು ಕಳೆಯುವುದಿಲ್ಲ. ಬೇಕಾದ ಡಿಗ್ರಿ ಇಲ್ಲ ಅಂತ ಹಿಂಜರಿಯಬೇಡಿ. ಟೀಚರ್ ತಾನೂ ಸೆರಗು ಸಿಕ್ಕಿಸಿ ಎರಡು ಸುತ್ತು ಆಡಿದರೆ ಮಕ್ಕಳಿಗೆ ಹಬ್ಬ.

ಮಳೆಗಾಲದಲ್ಲಿ?

ವರಾಂಡದಲ್ಲಿ ಬಲೂನು ಕೆಳಗೆ ಬೀಳದ ಹಾಗೆ ಆಡಿಸಿ. ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡು, ಕರಾವಳಿಯ ಶಾಲೆಗಳು ಇದಕ್ಕೆ ಮೊದಲೇ ತಯಾರಾಗಿರಬೇಕು. ಉತ್ತರ ಕರ್ನಾಟಕದ ಬೇಸಿಗೆಗೆ ಒಂದೇ ದಾರಿ: ಬೆಳಗಿನ ಮೊದಲ ಪೀರಿಯಡ್.

ದಪ್ಪ ಇರುವ ಮಗು ಓಡಲು ನಾಚಿಕೊಳ್ಳುತ್ತದೆ.

"ಡುಮ್ಮ" ಅಂತ ಯಾರೂ ಕರೆಯಬಾರದು, ಮುದ್ದಿಗೂ ಕೂಡ. ಇದು ಮನೆಯವರಿಗೂ ಸೇರಿ ಹೇಳುವ ಮಾತು. ಹಗ್ಗಜಗ್ಗಾಟದಲ್ಲಿ, ಗುಂಡು ಎಸೆತದಲ್ಲಿ ಆ ಮಗುವಿಗೆ ಒಳ್ಳೆಯ ಜಾಗ ಇದೆ. ತೂಕ ಇಳಿಸುವ ಮಾತು ಮೈದಾನದಲ್ಲಿ ಬೇಡವೇ ಬೇಡ. ಆಟ ಖುಷಿ ಕೊಟ್ಟರೆ ಮಗು ತಾನಾಗಿ ಜಾಸ್ತಿ ಹೊತ್ತು ಆಡುತ್ತದೆ.

ಅಂಗವೈಕಲ್ಯ ಇರುವ ಮಗುವನ್ನು ಸ್ಕೋರ್ ಬರೆಯಲು ಕೂರಿಸಬಹುದಾ?

ಒಂದು ದಿನ ಕೂರಿಸಿ, ಎಲ್ಲರಿಗೂ ಸರದಿ ಬರುವ ಹಾಗೆ. ಅದನ್ನೇ ಆ ಮಗುವಿನ ಕಾಯಂ ಕೆಲಸ ಮಾಡಬೇಡಿ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎಡಗಾಲಿನ ಊನ ಇಟ್ಟುಕೊಂಡೇ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ನಮ್ಮಲ್ಲಿ ಕಣ್ಣು ಮಂದ ಇರುವ ಒಬ್ಬ ಹುಡುಗನಿಗಾಗಿ ಚೆಂಡಿಗೆ ಗೆಜ್ಜೆ ಕಟ್ಟಿದೆವು. ಈಗ ಇಡೀ ತರಗತಿಗೆ ಗೆಜ್ಜೆ ಚೆಂಡೇ ಬೇಕು.

ಮನೆಯಲ್ಲಿ ನಾವು ಏನು ಮಾಡಬಹುದು?

ಶಾಲೆಯಿಂದ ಬಂದ ಕೂಡಲೇ "ಎಷ್ಟು ಮಾರ್ಕ್ಸು?" ಅನ್ನುವ ಹಾಗೆ "ಗೆದ್ದೆಯಾ?" ಅಂತ ಕೇಳಬೇಡಿ. "ಇವತ್ತು ಯಾವ ಆಟ? ಯಾರ ಜೊತೆ ಆಡಿದೆ?" ಅಂತ ಕೇಳಿ. ಬಟ್ಟೆ ಕೊಳೆ ಆಯಿತು ಅಂತ ಬೈಯಬೇಡಿ. ಸಂಜೆ ಹೋಂವರ್ಕಿಗೆ ಮೊದಲು ಒಂದು ಗಂಟೆ ಬೀದಿಗೆ ಬಿಡಿ. ಸಾಧ್ಯವಾದರೆ ನೀವೂ ಹೋಗಿ ಚಿನ್ನಿದಾಂಡು ತೋರಿಸಿ. ಅಪ್ಪನಿಗೂ ಆಡಲು ಬರುತ್ತದೆ ಅಂತ ಗೊತ್ತಾದ ಮಗು ಮಾರನೇ ದಿನ ನನಗೆ ಅದನ್ನೇ ಹತ್ತು ಸಲ ಹೇಳುತ್ತದೆ.

ಮಗುವಿಗೆ ನಿಜವಾಗಿ ಆಸಕ್ತಿ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ?

ನಾನು ಸೀಟಿ ಊದಿ ಪೀರಿಯಡ್ ಮುಗಿಸಿದ ಮೇಲೆ ನೋಡುತ್ತೇನೆ. ಕೈಕಾಲು ತೊಳೆಯಲು ನಲ್ಲಿ ಹತ್ತಿರ ಹೋಗುವ ದಾರಿಯಲ್ಲೂ ಮಕ್ಕಳು ಆಡುತ್ತಲೇ ಇರುತ್ತಾರಾ, ಊಟದ ಬೆಲ್ಲಿನ ನಂತರ ತಾವೇ ಗೆರೆ ಎಳೆದು ಅದೇ ಆಟ ಮತ್ತೆ ಶುರು ಮಾಡುತ್ತಾರಾ ಅಂತ. ಆ ದುಪಟ್ಟಾ ಹುಡುಗಿ ಈಗ ಆರನೇ ತರಗತಿ. ಮೊನ್ನೆ ಊಟದ ತಟ್ಟೆ ತೊಳೆದಿಟ್ಟು ಒಂದನೇ ತರಗತಿಯ ಇಬ್ಬರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡಿದ್ದಳು. ಕೈಯಲ್ಲಿ ಹುಣಸೆ ಬೀಜದ ಗಂಟು. "ಕಣ್ಣು ಮುಚ್ಬಾರ್ದು, ಮೊಣಕೈ ಮಡಚು" ಅಂತ ಅವರಿಗೆ ಹೇಳಿಕೊಡುತ್ತಿದ್ದಳು.